ಯಜಮಾನರ ಹೆಸರಿನಲ್ಲಿ ಶೇಕಡ ಹತ್ತು

ರಿಯಾಯಿತಿ ಎಂದರೆ ಹೆಂಗಸರು ಬಾಯಿ ಬಿಡುತ್ತಾರೆ ಎಂದು ಗಂಡಸರು ನಗೆಯಾಡುವುದುಂಟು. ಆಷಾಢದ ಸೇಲ್ ಬೋರ್ಡು ಕಂಡರೆ ಸಾಕು, ನಮ್ಮ ಕಾಲುಗಳು ತಾವಾಗಿಯೇ ಅಂಗಡಿಯ ಕಡೆ ತಿರುಗುತ್ತವಂತೆ. ಹಾಗೆ ಹೇಳುವವರು ಮಿಲಿಟರಿಯಿಂದ ನಿವೃತ್ತರಾಗಿ ಮನೆಗೆ ಬಂದ ಗಂಡಸನ್ನು ಕಂಡಿಲ್ಲ ಎಂದೇ ನನ್ನ ತೀರ್ಮಾನ. ನಮ್ಮವರನ್ನೇ ನೋಡಿ. ಇಪ್ಪತ್ತಾರು ವರ್ಷ ಸೈನ್ಯದ ಸಿಗ್ನಲ್ಸ್ ವಿಭಾಗದಲ್ಲಿ ದುಡಿದು, ನಾಯಬ್ ಸುಬೇದಾರ್ ಆಗಿ 2002ರಲ್ಲಿ ಸೋಮವಾರಪೇಟೆಗೆ ಮರಳಿದವರು. ಅಂದಿನಿಂದ ಇಂದಿನವರೆಗೆ ಕ್ಯಾಂಟೀನ್ ಕಾರ್ಡು ಇವರ ಅಂಗಿಯ ಜೇಬನ್ನು ಬಿಟ್ಟು ಇಳಿದಿಲ್ಲ. ಪಕ್ಕದ ಅಂಗಡಿಯಲ್ಲಿ ಕೈಗೆ ಸಿಗುವ ಸ್ನಾನದ ಸೋಪಿಗಾಗಿ ಮಡಿಕೇರಿಯ ಮಿಲಿಟರಿ ಕ್ಯಾಂಟೀನಿಗೆ ಹೋಗುತ್ತಾರೆ. ಹೋಗಿ ಬರುವ ಬಸ್ ಚಾರ್ಜು, ನಡುವೆ ಕುಡಿದ ಎರಡು ಕಾಫಿ, ತಿಂದ ಮಸಾಲೆ ದೋಸೆ ಇವನ್ನೆಲ್ಲ ಸೇರಿಸಿದರೆ ಆ ಸೋಪು ಚಿನ್ನದ ಸೋಪೇ ಸರಿ. ಆದರೆ ಹಾಗೆ ಲೆಕ್ಕ ಹಾಕಿ ತೋರಿಸುವಂತಿಲ್ಲ. "ಇದು ದುಡ್ಡಿನ ಮಾತಲ್ಲ ಕಣೇ, ಹಕ್ಕಿನ ಮಾತು" ಎನ್ನುತ್ತಾರೆ. ಹಕ್ಕು ಎಂದ ಮೇಲೆ ನಾನು ಸುಮ್ಮನೆ ಸೋಪನ್ನು ಬಚ್ಚಲಿನಲ್ಲಿಡುತ್ತೇನೆ.

2022ರ ಬೇಸಿಗೆಯಲ್ಲಿ ನಮ್ಮ ಮನೆಗೆ ಬ್ರಾಡ್‌ಬ್ಯಾಂಡ್ ಹಾಕಿಸುವ ಮಾತು ಬಂದಾಗ ಈ ಹಕ್ಕು ಮತ್ತೆ ಎದ್ದು ನಿಂತಿತು. ಮಾತು ತಂದವಳು ಸೊಸೆ. ನನ್ನ ಮಗನೂ ಅಪ್ಪನ ಹಾದಿಯನ್ನೇ ಹಿಡಿದು ಸೈನ್ಯ ಸೇರಿದವನು. ಆಗ ಲಡಾಖಿನ ಕಡೆ ಇದ್ದ. ಸೊಸೆ ಬಿ.ಕಾಂ. ಓದಿದವಳು, ಲೆಕ್ಕದಲ್ಲಿ ಗಟ್ಟಿಗಿತ್ತಿ. ಕೊರೋನಾದ ಕಾಲದಲ್ಲಿ ಬೆಂಗಳೂರಿನ ಒಂದು ಆಡಿಟರ್ ಕಚೇರಿಯವರು ಮನೆಯಿಂದಲೇ ಮಾಡುವ ಕೆಲಸ ಕೊಟ್ಟಿದ್ದರು. ಮೊಬೈಲಿನ ಇಂಟರ್ನೆಟ್ಟನ್ನೇ ಲ್ಯಾಪ್‌ಟಾಪಿಗೆ ಜೋಡಿಸಿಕೊಂಡು, ನಮ್ಮ ಕಾಫಿ ಕಣದ ಮೂಲೆಯಲ್ಲಿ ಸಿಗ್ನಲ್ ಚೆನ್ನಾಗಿ ಸಿಗುವ ಒಂದೇ ಜಾಗದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಎರಡು ವರ್ಷ ದೂಡಿದಳು. ಮಳೆಗಾಲದಲ್ಲಿ ತಲೆಯ ಮೇಲೆ ಕೊಡೆ, ತೊಡೆಯ ಮೇಲೆ ಲ್ಯಾಪ್‌ಟಾಪು. ಕೊಡಗಿನ ಮಳೆ ಎಂಥದ್ದೆಂದು ನಿಮಗೆ ಗೊತ್ತಲ್ಲ. ಕೊನೆಗೆ ಕಚೇರಿಯವರು, ಮನೆಗೆ ಸರಿಯಾದ ಸಂಪರ್ಕ ಹಾಕಿಸಿಕೊಳ್ಳಿ, ಇಲ್ಲವಾದರೆ ಜೂನ್‌ನಿಂದ ಬೆಂಗಳೂರಿಗೇ ಬಂದು ಕೆಲಸ ಮಾಡಿ ಎಂದರು. ಸೊಸೆ ಬೆಂಗಳೂರಿಗೆ ಹೋದರೆ ಒಂದನೆಯ ಕ್ಲಾಸಿಗೆ ಸೇರಬೇಕಾದ ಮೊಮ್ಮಗನೂ ಹೋಗುತ್ತಾನೆ. ಮಗ ಹೇಗೂ ವರ್ಷಕ್ಕೆ ಎರಡು ಸಲ ಬರುವ ಅತಿಥಿ. ಉಳಿಯುವವರು ನಾವಿಬ್ಬರು, ಮತ್ತು ಕ್ಯಾಂಟೀನ್ ಕಾರ್ಡು. ಅವಳು ಇದನ್ನೆಲ್ಲ ಬಿಡಿಸಿ ಹೇಳಲಿಲ್ಲ. "ಅತ್ತೆ, ಜೂನ್ ಒಳಗೆ ಏನಾದರೂ ಆಗಬೇಕು" ಎಂದಳು, ಅಷ್ಟೆ.

ಇಂಟರ್ನೆಟ್ ಇಲ್ಲದೆ ನಾವು ಸಂಸಾರ ಮಾಡಲಿಲ್ಲವೇ ಎಂದು ನನ್ನ ವಯಸ್ಸಿನವರು ಕೇಳುತ್ತಾರೆ. ಮಾಡಿದೆವು. ನನ್ನ ಮದುವೆಯಾದದ್ದು 1984ರಲ್ಲಿ. ಗಂಡನ ಮನೆ ಸೇರಿದ ಇಪ್ಪತ್ತನೆಯ ದಿನಕ್ಕೆ ಇವರ ರಜೆ ಮುಗಿಯಿತು. ಆಮೇಲೆ ನನ್ನ ಸಂಸಾರವೆಲ್ಲ ಇನ್‌ಲ್ಯಾಂಡ್ ಕಾಗದದ ಮೇಲೆ. ವಿಳಾಸದ ಕೊನೆಗೆ '56 ಎಪಿಓ' ಎಂದು ಬರೆಯಬೇಕು. ಊರಿಲ್ಲ, ಜಿಲ್ಲೆಯಿಲ್ಲ, ರಾಜ್ಯವಿಲ್ಲ. ಗಂಡ ಎಲ್ಲಿದ್ದಾರೆಂದು ಹೆಂಡತಿಗೂ ತಿಳಿಯಬಾರದು, ಆದರೆ ಕಾಗದ ಮಾತ್ರ ಅವರನ್ನು ಹುಡುಕಿಕೊಂಡು ಹೋಗಿ ಮುಟ್ಟುತ್ತಿತ್ತು. ಆಗ ಅದು ನನಗೆ ಮಾಯಾಮಂತ್ರದಂತೆಯೇ ಕಾಣುತ್ತಿತ್ತು. ಮುಂದೆ ಪೇಟೆಗೆ ಎಸ್‌ಟಿಡಿ ಬೂತು ಬಂತು. ರಾತ್ರಿ ಹನ್ನೊಂದರ ನಂತರ ಕಾಲು ದರ ಎಂದು ತಿಳಿದ ಇವರು, ತಿಂಗಳಿಗೊಮ್ಮೆ ಹನ್ನೊಂದು ಹೊಡೆದ ಮೇಲೆಯೇ ಪಕ್ಕದ ಮನೆಯ ಫೋನಿಗೆ ಕರೆ ಮಾಡುತ್ತಿದ್ದರು. ಆ ಮನೆಯವರ ನಿದ್ದೆ ಕೆಡಿಸಿ, ಮಗುವನ್ನು ಹೆಗಲಿಗೆ ಹಾಕಿಕೊಂಡು ಓಡಿಹೋಗಿ ನಾನು 'ಹಲೋ' ಎನ್ನುವಷ್ಟರಲ್ಲಿ ಒಂದು ನಿಮಿಷ ಕಳೆದಿರುತ್ತಿತ್ತು. "ಚೆನ್ನಾಗಿದ್ದೀಯಾ? ಮಗು ಚೆನ್ನಾಗಿದೆಯಾ? ಅಮ್ಮ ಚೆನ್ನಾಗಿದ್ದಾರಾ?" ಮೂರಕ್ಕೂ 'ಹೂಂ' ಎನ್ನುವುದು. ರಿಯಾಯಿತಿಗೂ ನಮ್ಮ ದಾಂಪತ್ಯಕ್ಕೂ ಅಂದಿನಿಂದಲೇ ನಂಟು.

ಹಾಗಾಗಿ ತಂತಿಯ ಬೆಲೆ ನನಗೆ ಗೊತ್ತಿಲ್ಲದ್ದೇನಲ್ಲ. ಅದು ಇನ್ನೊಮ್ಮೆ ಗೊತ್ತಾದದ್ದು 2018ರ ಆಗಸ್ಟಿನಲ್ಲಿ. ಮಾದಾಪುರ, ಹಟ್ಟಿಹೊಳೆ, ಮಕ್ಕಂದೂರಿನ ಕಡೆ ಗುಡ್ಡಗಳು ಕುಸಿದವಲ್ಲ, ಆ ದಿನಗಳಲ್ಲಿ. ನಮ್ಮ ಮನೆಗೇನೂ ಆಗಲಿಲ್ಲ. ಆದರೆ ಕರೆಂಟು ಹೋಯಿತು, ಮರ ಬಿದ್ದು ಫೋನಿನ ತಂತಿ ಹೋಯಿತು, ಮೊಬೈಲು ಸತ್ತು ಮಲಗಿತು. ಅತ್ತ ಮಗ ಟೀವಿಯಲ್ಲಿ ಕೊಡಗಿನ ಚಿತ್ರ ನೋಡುತ್ತಾ ಕೂತಿದ್ದಾನೆ, ಇತ್ತ ನಾವು ಬದುಕಿದ್ದೇವೆ ಎಂದು ಹೇಳಲು ದಾರಿಯಿಲ್ಲ. ಸೈನಿಕನಿಗಾಗಿ ಮನೆಯವರು ಕಾಯುವುದು ಲೋಕರೂಢಿ. ಆ ನಾಲ್ಕು ದಿನ ಅದು ತಿರುಗುಮುರುಗಾಯಿತು. ಐದನೆಯ ದಿನ ಕುಶಾಲನಗರದ ಕಡೆ ಹೊರಟ ಜೀಪಿನವರ ಕೈಯಲ್ಲಿ ಮಗನ ನಂಬರು ಬರೆದುಕೊಟ್ಟು, "ಎಲ್ಲರೂ ಕ್ಷೇಮ ಎಂದು ಹೇಳಿಬಿಡಿ" ಎಂದು ಇವರು ಕೈಮುಗಿದದ್ದನ್ನು ನಾನು ನೋಡಿದ್ದೇನೆ. ಬೇರೆಯವರ ಮುಂದೆ ಇವರು ಕೈಮುಗಿದು ಬೇಡಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಇರಲಿ, ಬ್ರಾಡ್‌ಬ್ಯಾಂಡಿಗೆ ಬರೋಣ. ಮೊದಲು ಮನೆಗೆ ಬಂದದ್ದು ಊರಿನ ಒಬ್ಬ ಕೇಬಲ್ ಆಪರೇಟರ್ ಹಂಚಿದ ಕರಪತ್ರ. ತ್ರಿವರ್ಣದಲ್ಲಿ ಅಚ್ಚಾಗಿತ್ತು. ಮೇಲೆ ಬಂದೂಕು ಹಿಡಿದ ಯೋಧನ ಚಿತ್ರ, ಕೆಳಗೆ 'ದೇಶ ಕಾಯುವ ಕುಟುಂಬಗಳಿಗೆ ನಮ್ಮ ನಮನ. ಶೇಕಡ 25 ರಿಯಾಯಿತಿ. ತಿಂಗಳಿಗೆ 450 ರೂಪಾಯಿ ಮಾತ್ರ!' ಇವರಿಗೆ ಎದೆಯುಬ್ಬಿತು. ಕರಪತ್ರವನ್ನು ಎರಡು ಸಲ ಓದಿ, ಮಡಚಿ, ಕ್ಯಾಂಟೀನ್ ಕಾರ್ಡಿನ ಜೊತೆಗೇ ಜೇಬಿಗೆ ಸೇರಿಸಿದರು. ಸೊಸೆ ಅದನ್ನು ಕೇಳಿ ಈಸಿಕೊಂಡು ತಿರುಗಿಸಿ ನೋಡಿದಳು. ಹಿಂಬದಿಯಲ್ಲಿ ಇರುವೆ ಸಾಲಿನಂತೆ ಸಣ್ಣ ಅಕ್ಷರ. ರಿಯಾಯಿತಿ ಮೊದಲ ಮೂರು ತಿಂಗಳಿಗೆ ಮಾತ್ರ, ಆಮೇಲೆ ಪೂರ್ತಿ 600. ವರ್ಷದ ಹಣ ಮುಂಗಡ ಕಟ್ಟಬೇಕು. ಜಿಎಸ್‌ಟಿ ಪ್ರತ್ಯೇಕ. ಅಳವಡಿಕೆಗೆ 1500.

ಅವಳು ಮೊಮ್ಮಗನ ಸ್ಲೇಟನ್ನೇ ತೆಗೆದುಕೊಂಡು ಲೆಕ್ಕ ಹಾಕಿದಳು. ಮೂರು ತಿಂಗಳಿಗೆ 450ರಂತೆ 1350. ಒಂಬತ್ತು ತಿಂಗಳಿಗೆ 600ರಂತೆ 5400. ಒಟ್ಟು 6750. ರಿಯಾಯಿತಿಯೇ ಇಲ್ಲದಿದ್ದರೆ 7200. ಉಳಿತಾಯ 450. "ಮಾವ, ಇದು ಶೇಕಡ ಇಪ್ಪತ್ತೈದಲ್ಲ, ಆರೂಕಾಲು" ಎಂದಳು. ನಾನು ಬಾಗಿ ನೋಡಿದೆ. ಲೆಕ್ಕ ಸರಿಯಾಗಿತ್ತು. ಸೀರೆ ಅಂಗಡಿಯವನು ಸಾವಿರದ ಸೀರೆಗೆ ಸಾವಿರದ ಐನೂರರ ಚೀಟಿ ಅಂಟಿಸಿ ಐನೂರು ಬಿಟ್ಟೆ ಎನ್ನುವುದನ್ನು ನಾವು ಹೆಂಗಸರು ಎಷ್ಟು ಸಲ ಕಂಡಿಲ್ಲ! ಆದರೆ ಸೀರೆ ಅಂಗಡಿಯವನು ಚೀಟಿಯ ಮೇಲೆ ಯೋಧನ ಚಿತ್ರ ಅಂಟಿಸುವುದಿಲ್ಲವಲ್ಲ. ಇವರು ಮಾತಾಡದೆ ಕರಪತ್ರವನ್ನು ಜೇಬಿನಿಂದ ತೆಗೆದು ಕಿಟಕಿಯ ಮೇಲಿಟ್ಟರು. ಬಿಸಾಡಲಿಲ್ಲ, ಚಿತ್ರ ಇತ್ತಲ್ಲ.

ವರ್ಷದ ಮುಂಗಡ ಎಂಬ ಮಾತು ನನ್ನ ತಲೆಯಲ್ಲಿ ಕೊರೆಯುತ್ತಿತ್ತು. ನನ್ನ ತಂಗಿಯ ಮಗಳು ಅಮೆರಿಕದ ಟೆಕ್ಸಾಸ್‌ನಲ್ಲಿದ್ದಾಳೆ, ಅವಳ ಗಂಡ ಅಲ್ಲಿನ ಸೈನ್ಯದಲ್ಲಿದ್ದಾನೆ. ಅವಳು ಫೋನ್ ಮಾಡಿದಾಗ ಈ ಕಥೆ ಹೇಳಿದೆ. ಅವಳು ನಕ್ಕಳು. "ದೊಡ್ಡಮ್ಮ, ಇಲ್ಲಿಯೂ ಅದೇ. ಸೈನಿಕರಿಗೆ ಎಂದು ಕಡಿಮೆ ದರ ತೋರಿಸುತ್ತಾರೆ, ಒಂದು ವರ್ಷವೋ ಎರಡು ವರ್ಷವೋ ಕಳೆದ ಮೇಲೆ ದರ ಮೆಲ್ಲಗೆ ಏರುತ್ತದೆ, ಪೆಟ್ಟಿಗೆಗೆ ಬೇರೆ ಬಾಡಿಗೆ. ನಾವು ನೋಡುವುದು ರಿಯಾಯಿತಿಯನ್ನಲ್ಲ, ಬಿಟ್ಟುಹೋಗುವ ದಾರಿಯನ್ನು" ಎಂದಳು. ಅಲ್ಲಿ ಸರ್ವಿಸ್‌ಮೆಂಬರ್ಸ್ ಸಿವಿಲ್ ರಿಲೀಫ್ ಆಕ್ಟ್ ಎಂಬ ಕಾನೂನೇ ಇದೆಯಂತೆ. ಸೈನಿಕನಿಗೆ ತೊಂಬತ್ತು ದಿನ ಅಥವಾ ಅದಕ್ಕೂ ಹೆಚ್ಚು ಕಾಲ ಬೇರೆ ಕಡೆ ಹೋಗುವ ಆಜ್ಞೆ ಬಂದು, ಅಲ್ಲಿ ಆ ಕಂಪೆನಿಯ ಸಂಪರ್ಕ ಇಲ್ಲದಿದ್ದರೆ, ಫೋನು, ಇಂಟರ್ನೆಟ್ಟಿನ ಕರಾರನ್ನು ದಂಡ ಕಟ್ಟದೆ ಮುರಿಯಬಹುದು. ಇದನ್ನು ಕೇಳಿ ನನಗೆ ಅನ್ನಿಸಿತು, ಕಾನೂನು ಮಾಡಿದವರಲ್ಲಿ ಯಾರೋ ಒಬ್ಬರು ಸೈನಿಕನ ಹೆಂಡತಿಯನ್ನು ಕೇಳಿಯೇ ಬರೆದಿರಬೇಕು. ನಮಗೆ ಬೇಕಾದದ್ದು ನಮನವಲ್ಲ. ಪೋಸ್ಟಿಂಗ್ ಬಂದಾಗ, ಟ್ರಂಕು ಕಟ್ಟುವಾಗ, ಬಾಡಿಗೆ ಮನೆಯವನಿಂದ ಹಿಡಿದು ಗ್ಯಾಸಿನವನವರೆಗೆ ಎಲ್ಲರ ಹತ್ತಿರ ಅಡ್ವಾನ್ಸ್ ವಾಪಸು ಕೇಳುತ್ತಾ ಅಲೆಯುವುದು ತಪ್ಪಬೇಕು.

ಮರುದಿನ ಆಪರೇಟರ್ ಅಂಗಡಿಗೆ ನಾನೇ ಹೋಗಿ ಕೇಳಿದೆ. "ನಡುವೆ ನಮ್ಮ ಮಗನಿಗೆ ಫ್ಯಾಮಿಲಿ ಕ್ವಾರ್ಟರ್ಸ್ ಸಿಕ್ಕಿ ಸೊಸೆ ಹೊರಟರೆ ಉಳಿದ ತಿಂಗಳ ದುಡ್ಡು ಕೊಡ್ತೀರಾಪ್ಪ?" ಹುಡುಗ ತಲೆ ಕೆರೆದುಕೊಂಡ. "ಅದು ಕಂಪೆನಿ ರೂಲ್ಸ್‌ನಲ್ಲಿ ಇಲ್ಲ ಆಂಟಿ. ನೀವು ಬೇರೆಯವರಿಗೆ ವರ್ಗಾಯಿಸಿಕೊಳ್ಳಬಹುದು." ಬೇರೆಯವರು ಯಾರು? ಅದನ್ನೂ ನಾನೇ ಹುಡುಕಬೇಕು. ಹುಡುಗ ಒಳ್ಳೆಯವನೇ, ರೂಲ್ಸು ಅವನದಲ್ಲ. ಒಂದು ಲೋಟ ನೀರು ಕೊಟ್ಟ, ಕುಡಿದು ಬಂದೆ.

ಎರಡನೆಯದು ಖಾಸಗಿಯ ದೊಡ್ಡ ಕಂಪೆನಿಯದು. ಸೈನಿಕರಿಗೆ ಎಂದು ಏನೂ ಇರಲಿಲ್ಲ, ಎಲ್ಲರಿಗೂ ಒಂದೇ ದರ, ಅದೂ ಅಗ್ಗವೇ. ಆದರೆ ನಮ್ಮ ಬೀದಿಗೆ ಅವರ ತಂತಿ ಬಂದಿರಲಿಲ್ಲ. ಮನೆ ಬಾಗಿಲಿಗೆ ಬಾರದ ಅಗ್ಗವನ್ನು ಕಟ್ಟಿಕೊಂಡು ಏನು ಮಾಡುವುದು?

ಮೂರನೆಯದು ಬಿಎಸ್‌ಎನ್‌ಎಲ್‌ನ ಫೈಬರ್. 2020ರಿಂದ ಅವರಲ್ಲಿ 449 ರೂಪಾಯಿಯ ಒಂದು ಯೋಜನೆ ಇತ್ತು. 30 ಎಂಬಿಪಿಎಸ್ ವೇಗ, 3300 ಜಿಬಿಯವರೆಗೆ. ಅದು ಮುಗಿದರೆ ವೇಗ ಎರಡಕ್ಕೆ ಇಳಿಯುತ್ತದೆ. "ರೇಷನ್ ಕೊಡ್ತಾರೇನು?" ಎಂದು ಇವರು ಹುಬ್ಬು ಗಂಟಿಕ್ಕಿದರು. ಸೊಸೆ ಮತ್ತೆ ಸ್ಲೇಟು ಹಿಡಿದಳು. ಮೂವತ್ತು ದಿನಕ್ಕೆ ಹಂಚಿದರೆ ದಿನಕ್ಕೆ 110 ಜಿಬಿ. ಮನೆಮಂದಿಯೆಲ್ಲ ಊಟ ನಿದ್ದೆ ಬಿಟ್ಟು ಸಿನಿಮಾ ನೋಡಿದರೂ ಖರ್ಚಾಗದು. ಎಂಬಿಪಿಎಸ್ ಎಂದರೆ ಏನೆಂದು ನಾನು ಅಲ್ಲಿಯವರೆಗೆ ಯಾರನ್ನೂ ಕೇಳಿರಲಿಲ್ಲ, ಕೇಳಿದೆ. "ಅತ್ತೆ, ಇದು ಬಿಟ್ ಲೆಕ್ಕ. ಫೈಲಿನ ಗಾತ್ರ ಬೈಟ್ ಲೆಕ್ಕದಲ್ಲಿರುತ್ತೆ. ಎಂಟರಿಂದ ಭಾಗಿಸಬೇಕು" ಎಂದಳು. ಎಂದರೆ 30 ಎಂದದ್ದು ನಾಲ್ಕಕ್ಕೂ ಕಡಿಮೆ. 300 ಎಂಬಿಯ ಒಂದು ಫೈಲು ಇಳಿಯಲು ಒಂದೂ ಕಾಲು ನಿಮಿಷದ ಮೇಲೆ ಬೇಕು. ಅವಳ ಕೆಲಸಕ್ಕೆ ಅದು ಧಾರಾಳ. ಮುಖ ನೋಡಿ ಮಾತಾಡುವ ವಿಡಿಯೋ ಕರೆಗೆ ಒಂದೆರಡು ಎಂಬಿಪಿಎಸ್ ಇದ್ದರೆ ಸಾಕಂತೆ. ನೂರು, ಇನ್ನೂರು ಎಂದು ಬೋರ್ಡಿನ ಮೇಲೆ ಹಾಕುವುದನ್ನು ನೋಡಿ, ಮದುವೆಗೆ ಹೋಗುವಾಗ ಇದ್ದಬದ್ದ ಸರವೆಲ್ಲ ಹೇರಿಕೊಳ್ಳುವ ನಮ್ಮ ನೆಂಟರೊಬ್ಬರ ನೆನಪಾಯಿತು.

ಇವರಿಗೆ ಚಿಂತೆ ವೇಗದ್ದಲ್ಲ, ತಂತಿಯದು. ಸೈನ್ಯದಲ್ಲಿ ಇವರು ಲೈನ್‌ಮ್ಯಾನ್. ಬೆನ್ನಿಗೆ ತಾಮ್ರದ ತಂತಿಯ ಸುರುಳಿ ಹೊತ್ತು, ಹಿಮದಲ್ಲಿ ಎಳೆಯುತ್ತಾ ಹೋದವರು. ತುಂಡಾದರೆ ಹಲ್ಲಿನಿಂದಲೇ ಸಿಪ್ಪೆ ಕಿತ್ತು ತಿರುಚಿ ಜೋಡಿಸಿ, ಮೇಲೆ ಟೇಪು ಸುತ್ತಿ ಎದ್ದರೆ ಮಾತು ಹರಿಯುತ್ತಿತ್ತಂತೆ. ಫೈಬರ್ ಎಂದರೆ ಗಾಜಿನ ಎಳೆ, ಕೂದಲಿನಷ್ಟು ಸಣ್ಣದು, ಒಳಗೆ ಹರಿಯುವುದು ಬೆಳಕು. ತುಂಡಾದರೆ ಹಲ್ಲು ಉಪಯೋಗಕ್ಕೆ ಬಾರದು. ಎರಡು ತುದಿ ಎದುರುಬದುರು ಹಿಡಿದು ಬೆಸೆಯುವ ಯಂತ್ರವೇ ಬರಬೇಕು. "ಸಿಲ್ವರ್ ಓಕ್ ಬಿದ್ದ ದಿನ ಈ ಗಾಜನ್ನು ಯಾರು ಬೆಸೀತಾರೆ?" ಎಂದು ಕೇಳಿದರು. ಇನ್ನೊಂದು ಮಾತನ್ನೂ ಹೇಳಿದರು. ಅದು ನನಗೆ ಗೊತ್ತಿರಲಿಲ್ಲ. ಹಳೆಯ ಫೋನಿಗೆ ವಿದ್ಯುತ್ತು ಎಕ್ಸ್‌ಚೇಂಜಿನಿಂದಲೇ ಅದೇ ತಂತಿಯಲ್ಲಿ ಬರುತ್ತಿತ್ತಂತೆ, ನಲವತ್ತೆಂಟು ವೋಲ್ಟು. ಅದಕ್ಕೇ ಮನೆಯಲ್ಲಿ ಕರೆಂಟು ಹೋದರೂ ಫೋನು ಬದುಕಿರುತ್ತಿತ್ತು. ಗಾಜಿನಲ್ಲಿ ವಿದ್ಯುತ್ತು ಹರಿಯದು. ಮನೆಯ ಕರೆಂಟು ಹೋದರೆ ಪೆಟ್ಟಿಗೆ ಆರಿಹೋಗುತ್ತದೆ. ಅದಕ್ಕೆ ಹನ್ನೆರಡು ವೋಲ್ಟಿನ ಪುಟ್ಟ ಬ್ಯಾಟರಿ ಪೆಟ್ಟಿಗೆ ಬೇರೆ ಬೇಕು. ಇದನ್ನು ಯಾವ ಕರಪತ್ರವೂ ಹೇಳಿರಲಿಲ್ಲ. ಗಂಡಂದಿರ ಭಾಷಣವನ್ನು ಪೂರ್ತಿ ಕೇಳುವುದರಿಂದಲೂ ಕೆಲವೊಮ್ಮೆ ಪ್ರಯೋಜನ ಉಂಟು.

ಸರಿ, ಬಿಎಸ್‌ಎನ್‌ಎಲ್ ಎಂದು ತೀರ್ಮಾನವಾಯಿತು. ಮೂವರೂ ಕಚೇರಿಗೆ ಹೋದೆವು. ಕೌಂಟರಿನಲ್ಲಿದ್ದ ಹೆಣ್ಣುಮಗಳು ನಗುಮುಖದವಳು. ಸರ್ಕಾರಿ ನೌಕರರಿಗೆ, ನಿವೃತ್ತರಿಗೆ ತಿಂಗಳ ದರದಲ್ಲಿ ಶೇಕಡ 10 ರಿಯಾಯಿತಿ ಇದೆ, ಸೈನ್ಯದವರಿಗೂ ಸಲ್ಲುತ್ತದೆ ಎಂದಳು. ಇವರು ಆಗಲೇ ಪಿಂಚಣಿ ಪುಸ್ತಕ, ಮಾಜಿ ಸೈನಿಕರ ಗುರುತಿನ ಚೀಟಿ, ಅದರ ಮೂರು ನಕಲು ಎಲ್ಲ ಮೇಜಿನ ಮೇಲೆ ಪೆರೇಡು ನಿಲ್ಲಿಸಿದ್ದರು. ಆಕೆ ಫಾರಂ ತೆಗೆದು, "ರಿಯಾಯಿತಿ ಬೇಕಾದರೆ ಸಂಪರ್ಕ ಯಜಮಾನರ ಹೆಸರಿನಲ್ಲೇ ಇರಬೇಕು. ಯಾರ ಹೆಸರಿಗೆ ಬರೆಯಲಿ?" ಎಂದಳು.

"ನನ್ನ ಹೆಸರಿಗೆ" ಎಂದು ಇವರೂ ಸೊಸೆಯೂ ಒಟ್ಟಿಗೇ ಹೇಳಿದರು.

ಕೌಂಟರಿನವಳು ಪೆನ್ನು ಎತ್ತಿ ಹಿಡಿದು ನನ್ನ ಮುಖ ನೋಡಿದಳು. ನಾನು ಗೋಡೆಯ ಕ್ಯಾಲೆಂಡರು ನೋಡಿದೆ. ಇವರು, "ನಾಳೆ ಬರ್ತೀವಮ್ಮ" ಎಂದು ಕಾಗದಗಳನ್ನೆಲ್ಲ ಒಟ್ಟುಗೂಡಿಸಿಕೊಂಡರು.

ಮನೆಗೆ ಬಂದ ಮೇಲೆ ಯಾರೂ ಜಗಳವಾಡಲಿಲ್ಲ. ಜಗಳಕ್ಕಿಂತ ಕೆಟ್ಟದ್ದು ಅದು. ರಾತ್ರಿ ಪಾತ್ರೆ ತೊಳೆಯುವಾಗ ಸೊಸೆ ನನ್ನ ಹತ್ತಿರ ಹೇಳಿದಳು. "ಅತ್ತೆ, ಗ್ಯಾಸು ಮಾವನ ಹೆಸರಲ್ಲಿದೆ, ಕರೆಂಟು ಮಾವನ ಹೆಸರಲ್ಲಿದೆ, ರೇಷನ್ ಕಾರ್ಡಿನಲ್ಲಿ ನಾನು ಕೊನೇ ಸಾಲು. ಇವರ ಹೆಸರಿಗೆ ಮಾಡಿಸಿದರೆ ಓಟಿಪಿ ಲಡಾಖಿಗೆ ಹೋಗುತ್ತೆ, ಫೋನು ಡ್ಯೂಟಿ ಮುಗಿಯುವವರೆಗೆ ಪೆಟ್ಟಿಗೆಯಲ್ಲಿರುತ್ತೆ. ನನ್ನ ಸಂಬಳದಿಂದ ನಾನೇ ಕಟ್ಟುವ ಬಿಲ್ಲು. ನನ್ನ ವಿಳಾಸ ಇದು ಅಂತ ತೋರಿಸೋಕೆ ನನ್ನ ಹತ್ತಿರ ಇರೋದು ಮದುವೆಗೆ ಮುಂಚಿನ ಆಧಾರ್ ಕಾರ್ಡು." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಲೆಕ್ಕ ಒಪ್ಪಿಸಿದಂತೆ ಹೇಳಿದಳು.

ನಾನೂ ಮನಸ್ಸಿನಲ್ಲೇ ಲೆಕ್ಕ ಹಾಕಿದೆ. 449ಕ್ಕೆ ಹದಿನೆಂಟು ಪರ್ಸೆಂಟು ಜಿಎಸ್‌ಟಿ ಸೇರಿದರೆ 529 ರೂಪಾಯಿ 82 ಪೈಸೆ. ಹತ್ತು ಪರ್ಸೆಂಟು ಕಳೆದು ಸೇರಿಸಿದರೆ 476 ರೂಪಾಯಿ 84 ಪೈಸೆ. ವ್ಯತ್ಯಾಸ ತಿಂಗಳಿಗೆ 53 ರೂಪಾಯಿ, ವರ್ಷಕ್ಕೆ 636. ಒಬ್ಬ ಹೆಂಗಸಿನ ಹೆಸರಿಗೆ 636 ರೂಪಾಯಿ ಹೆಚ್ಚೋ ಕಡಿಮೆಯೋ? ನನ್ನ ಹೆಸರಿಗೆ ಯಾರೂ ಹಾಗೆ ಬೆಲೆ ಕಟ್ಟಿರಲಿಲ್ಲ, ನಾನೂ ಕೇಳಿರಲಿಲ್ಲ. ಮಿಲಿಟರಿಯ ಕಾಗದಗಳಲ್ಲಿ ನಾನು 'ವೈಫ್ ಆಫ್', ಕ್ಯಾಂಟೀನಿನಲ್ಲಿ 'ಡಿಪೆಂಡೆಂಟ್'. ಅದರ ಬಗ್ಗೆ ನನಗೆ ಕೊರಗೇನೂ ಇಲ್ಲ. ಆದರೆ ಅವಳಿಗೆ ಇದೆ ಎಂದರೆ ಅದು ತಪ್ಪು ಎನ್ನಲು ನನಗೆ ನಾಲಿಗೆ ಬರಲಿಲ್ಲ.

ಇವರ ಕಡೆಯ ಮಾತನ್ನೂ ಹೇಳಬೇಕು. ಐವತ್ತಮೂರು ರೂಪಾಯಿಗೆ ಆಸೆಪಟ್ಟ ಮನುಷ್ಯನಲ್ಲ. ಸೈನ್ಯ ಬಿಟ್ಟು ಬಂದವರಿಗೆ ಊರಿನಲ್ಲಿ ಮೊದಲ ಐದು ವರ್ಷ ಗೌರವ, ಆಮೇಲೆ ಜನವರಿ 15ರ ಸೇನಾ ದಿನಕ್ಕೆ ಒಂದು ಹಾರ. ಮಿಕ್ಕ ದಿನಗಳಲ್ಲಿ ಅವರು ಯಾರೋ ಒಬ್ಬ ವಯಸ್ಸಾದ ಗಂಡಸು. ಆ ಫಾರಂನಲ್ಲಿ 'ಮಾಜಿ ಸೈನಿಕ' ಎಂಬ ಮನೆಗೆ ಗುರುತು ಹಾಕುವಾಗ ಸಿಗುವ ಸುಖವನ್ನು ಕಸಿದುಕೊಳ್ಳುವುದೂ ಸುಲಭದ ಕೆಲಸವಲ್ಲ.

ಮಾರನೆಯ ಸಂಜೆ ಬೀದಿಯ ಆಚೆ ತುದಿಯ ಅಕ್ಕ ಬಂದರು. ಅವರ ಯಜಮಾನರು ಗಡಿಯಲ್ಲಿ ತೀರಿಕೊಂಡು ಇಪ್ಪತ್ತು ವರ್ಷಗಳ ಮೇಲಾಯಿತು. ಕಾಫಿ ಕುಡಿಯುತ್ತಾ ಇವರು ರಿಯಾಯಿತಿಯ ವಿಷಯ ತೆಗೆದು, ಹತ್ತು ಪರ್ಸೆಂಟಿನ ಹಿರಿಮೆ ವಿವರಿಸತೊಡಗಿದರು. ಅಕ್ಕ ತಣ್ಣಗೆ ಕೇಳಿಸಿಕೊಂಡರು. ಆಮೇಲೆ, "ನನಗೆ ಅರ್ಧಕ್ಕರ್ಧ ಇತ್ತು" ಎಂದರು. ಯುದ್ಧದಲ್ಲಿ ಪತಿಯನ್ನು ಕಳೆದುಕೊಂಡವರಿಗೆ, ಶೌರ್ಯಪದಕ ಪಡೆದವರಿಗೆ ಮನೆಯ ಫೋನಿನ ಬಾಡಿಗೆಯಲ್ಲಿ ಅರ್ಧ ವಿನಾಯಿತಿ, ಅಳವಡಿಕೆಗೆ ದುಡ್ಡಿಲ್ಲ. ಆ ನಿಯಮ ನಮಗೂ ಗೊತ್ತಿತ್ತು. "ಅವರು ಇದ್ದಾಗ ನಮ್ಮ ಮನೆಗೆ ಫೋನಿರಲಿಲ್ಲ. ಅರ್ಜಿ ಹಾಕೋಣ ಅಂತಿದ್ದರು. ಅವರು ಹೋದ ಮೇಲೆ ಬಂತು, ಅರ್ಧ ಬಾಡಿಗೆಗೆ. ಹತ್ತು ವರ್ಷ ಇಟ್ಟುಕೊಂಡಿದ್ದೆ. ಯಾರು ಮಾಡ್ತಾರೆ ನನಗೆ? ಬಾಡಿಗೆ ಕಡಿಮೆ ಅಂತ ಇಟ್ಟುಕೊಂಡಿದ್ದೆ." ಲೋಟ ಕೆಳಗಿಟ್ಟು, ಸೊಸೆಯ ಕಡೆ ತಿರುಗಿ, "ನಿನಗೆ ಯಾವುದು ಬೇಗ ಬರುತ್ತೋ ಅದು ಹಾಕಿಸ್ಕೊ ಮಗಳೇ" ಎಂದು ಎದ್ದರು.

ಅಂದು ರಾತ್ರಿ ಇವರು ಊಟ ಮಾಡುವಾಗ ತಲೆ ಎತ್ತಲಿಲ್ಲ. ಕೈ ತೊಳೆದು ಬಂದು, ಪಿಂಚಣಿ ಪುಸ್ತಕವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರು. ಬೆಳಿಗ್ಗೆ ಸೊಸೆಗೆ, "ನಿನ್ನ ಫೋಟೋ ಇದೆಯೇನಮ್ಮ? ಫಾರಂಗೆ ಎರಡು ಬೇಕಾದೀತು" ಎಂದರು. ಆಧಾರ್‌ನ ವಿಳಾಸ ಬದಲಾಯಿಸಲು ಅವಳನ್ನು ತಾವೇ ಕರೆದುಕೊಂಡು ಹೋಗಿ ಎರಡು ಗಂಟೆ ಸಾಲಿನಲ್ಲಿ ನಿಂತರು. ಇಷ್ಟು ಬೇಗ ಹೇಗೆ ಒಪ್ಪಿದಿರಿ ಎಂದು ನಾನು ಕೇಳಲಿಲ್ಲ. ಮೂವತ್ತೆಂಟು ವರ್ಷ ಬಾಳ್ವೆ ಮಾಡಿದ ಮೇಲೆ ಕೆಲವು ಪ್ರಶ್ನೆಗಳನ್ನು ಕೇಳದೆ ಬಿಡುವುದು ಅಭ್ಯಾಸವಾಗುತ್ತದೆ.

ಜೂನ್ ಮೊದಲ ವಾರ, ಮಳೆ ಹಿಡಿಯುವ ಮುನ್ನ, ತಂತಿ ಎಳೆಯಲು ಇಬ್ಬರು ಹುಡುಗರು ಬಂದರು. ಅವರನ್ನು ಇವರು ಸುಮ್ಮನೆ ಬಿಟ್ಟಾರೆಯೇ! ತಾವೇ ಏಣಿ ಹಿಡಿದು ನಿಂತರು. ತಂತಿಯನ್ನು ಸಿಲ್ವರ್ ಓಕಿನ ಕೆಳಗಿನಿಂದ ತರಬೇಡಿ, ಸುತ್ತಿ ತನ್ನಿ ಎಂದರು. ಮೂಲೆಯಲ್ಲಿ ಹೆಚ್ಚು ಬಗ್ಗಿಸಿದರೆ ಗಾಜು ತಡೆಯದು ಎಂದು ಹಿಂದಿನ ರಾತ್ರಿ ಸೊಸೆಯಿಂದ ಕಲಿತದ್ದನ್ನು ಹುಡುಗರಿಗೆ ತಮ್ಮದೇ ಅನುಭವದಂತೆ ಹೇಳಿದರು. ಹುಡುಗರು 'ಆಯ್ತು ಸಾರ್' ಎಂದು ಸೆಲ್ಯೂಟ್ ಹೊಡೆಯುವುದೊಂದು ಬಾಕಿ. ಪೆಟ್ಟಿಗೆಯನ್ನು ಎಲ್ಲಿಡುವುದೆಂದು ಇನ್ನೊಂದು ಚರ್ಚೆ. ನಮ್ಮದು ಹಳೆಯ ಕಾಲದ ಮಣ್ಣಿನ ದಪ್ಪ ಗೋಡೆಯ ಮನೆ. ಅಲೆಗಳಲ್ಲಿ ಎರಡು ಬಗೆಯಂತೆ. ಒಂದು ವೇಗ ಹೆಚ್ಚು, ಗೋಡೆ ದಾಟಲು ಸೋಮಾರಿ. ಇನ್ನೊಂದು ನಿಧಾನ, ಆದರೆ ದೂರ ಹೋಗುತ್ತದೆ. ದೇವರ ಮನೆಯ ಪಕ್ಕದ ಗೂಡಿನಲ್ಲಿಟ್ಟರೆ ನಡುಮನೆಗೂ ಸೊಸೆಯ ಕೋಣೆಗೂ ಸಿಗುತ್ತದೆ ಎಂದಾಯಿತು. ಅಡಿಗೆಮನೆಗೆ ಅಷ್ಟು ಸಿಗುವುದಿಲ್ಲ. ನನಗೆ ಅದರಿಂದ ನಷ್ಟವಿಲ್ಲ, ಅಡಿಗೆಯನ್ನು ಯೂಟ್ಯೂಬ್ ನೋಡಿ ಮಾಡುವ ಅಗತ್ಯ ನನಗಿನ್ನೂ ಬಂದಿಲ್ಲ.

ಮಗನ ಜೊತೆ ಮೊದಲ ವಿಡಿಯೋ ಕರೆ ಸಿಗಲು ಒಂಬತ್ತು ದಿನ ಹಿಡಿಯಿತು. ನಮ್ಮ ಕಡೆ ಎಷ್ಟು ಎಂಬಿಪಿಎಸ್ ಇದ್ದರೇನು, ಅವನ ಕಡೆ ಬೆಟ್ಟ. ಅಲ್ಲಿಗೆ ಫೋನು ತಲುಪುವುದೇ ಕಷ್ಟವಿದ್ದ ಕಾಲದಲ್ಲಿ ಅವನು ಉಪಗ್ರಹದ ಫೋನಿನಿಂದ ಮಾತಾಡುತ್ತಿದ್ದ. ನಾವು ಹೇಳಿದ ಮಾತು ಆಕಾಶಕ್ಕೆ ಹೋಗಿ ಬರುವವರೆಗೆ ಇಬ್ಬರೂ ಸುಮ್ಮನಿದ್ದು, ಆಮೇಲೆ ಇಬ್ಬರೂ ಒಟ್ಟಿಗೇ ಮಾತಾಡುವುದು. ಆ ಕರೆಗೆ ಮೊದಲು ನಿಮಿಷಕ್ಕೆ 5 ರೂಪಾಯಿ ಇತ್ತು, 2017ರ ದೀಪಾವಳಿಗೆ ಸರ್ಕಾರ ಅದನ್ನು 1 ರೂಪಾಯಿಗೆ ಇಳಿಸಿ, ತಿಂಗಳ 500 ರೂಪಾಯಿ ಬಾಡಿಗೆಯನ್ನೂ ತೆಗೆದುಹಾಕಿತು. ಸೈನಿಕರಿಗೆ ಸಿಕ್ಕ ರಿಯಾಯಿತಿಗಳಲ್ಲಿ ನಾನು ಮನಸಾರೆ ಒಪ್ಪುವುದು ಅದನ್ನು. ಅದರಲ್ಲಿ ಸಣ್ಣ ಅಕ್ಷರವಿರಲಿಲ್ಲ, ಯಾರ ಹೆಸರೂ ಬೇಕಿರಲಿಲ್ಲ. ಮಗ ಅವತ್ತಿನಿಂದ "ಮತ್ತೇನು ಸಮಾಚಾರ?" ಎಂದು ಕೇಳುವುದನ್ನು ಕಲಿತ. ಅದಕ್ಕೆ ಮುಂಚೆ ಅವನೂ ಅಪ್ಪನಂತೆ ಮೂರು ಪ್ರಶ್ನೆ ಕೇಳಿ ಇಡುತ್ತಿದ್ದ. 2020ರ ಜುಲೈನಲ್ಲಿ ಸೈನ್ಯದವರು 89 ಆ್ಯಪ್‌ಗಳ ಪಟ್ಟಿ ಕೊಟ್ಟು, ಇವನ್ನೆಲ್ಲ ಫೋನಿನಿಂದ ತೆಗೆಯಿರಿ ಎಂದು ಆಜ್ಞೆ ಮಾಡಿದಾಗ ಅವನ ಫೋನು ಮತ್ತೆ ಖಾಲಿಯಾಯಿತು. ಈಗ ಆ ಎತ್ತರಗಳಿಗೂ ಮೊಬೈಲ್ ಬಂದಿದೆ. 2025ರ ಜನವರಿಯಲ್ಲಿ ಸಿಯಾಚಿನ್‌ಗೇ 4ಜಿ, 5ಜಿ ಬಂತೆಂದು ಓದಿದೆ.

ಆ ಮೊದಲ ಕರೆಯಲ್ಲಿ ಅವನ ಮುಖ ಎರಡು ಕ್ಷಣ ಅಲುಗಾಡಿ, ಆಮೇಲೆ ಬಾಯಿ ಅರ್ಧ ತೆರೆದಂತೆ ನಿಂತುಬಿಟ್ಟಿತು. ಮೊಮ್ಮಗ "ಅಪ್ಪ ಸ್ಟ್ಯಾಚು!" ಎಂದು ಕುಣಿದ. ಮಾತು ಮಾತ್ರ ಬರುತ್ತಿತ್ತು. ಸೊಸೆ ಫೋನನ್ನು ನನ್ನ ಕೈಗೆ ಕೊಟ್ಟು ಕೆಲಸಕ್ಕೆ ಕೂರಲು ಹೋದಳು, ಅವಳ ಹೊತ್ತಾಗಿತ್ತು. ಮಗ ಕೇಳಿದ, "ಅಮ್ಮ, ಕನೆಕ್ಷನ್ ಯಾರ ಹೆಸರಲ್ಲಿ ಮಾಡಿಸಿದಿರಿ? ಅಪ್ಪಂಗೆ ಡಿಸ್ಕೌಂಟ್ ಸಿಕ್ತಾ?"

ಇವರು ನನ್ನ ಹೆಗಲ ಮೇಲಿಂದ ಬಾಗಿ ಫೋನಿಗೆ ಬಾಯಿ ಹಚ್ಚಿ, ಎಸ್‌ಟಿಡಿ ಬೂತಿನ ಕಾಲದ ದನಿಯಲ್ಲಿ ಕೂಗಿದರು: "ನಿನ್ನ ಹೆಂಡತಿ ಹೆಸರಲ್ಲಿದೆ ಕಣಪ್ಪ. ಪಾಸ್‌ವರ್ಡ್ ಬೇಕಾದರೆ ಅವಳನ್ನ ಕೇಳು, ನನಗೂ ಹೇಳಿಲ್ಲ!"